ಗಂಜಿಗಟ್ಟಿದ ಅಂಗಿ

"ಮುಟ್ಟಿ ನೋಡ್ರಿ," ಎಂದಳು ಶಿವಬಸವ್ವ.

ಮುಮ್ತಾಜಬೇಗಂ ಹಿತ್ತಲಿನ ಹಗ್ಗದ ಮೇಲಿದ್ದ ಬಿಳಿ ಅಂಗಿಯ ತೋಳನ್ನು ಹಿಡಿದರು. ತೋಳು ಬಾಗಲಿಲ್ಲ. ಒಳಗೆ ಯಾರದೋ ಕೈ ಇದ್ದಂತೆ ಸೆಟೆದು ನಿಂತಿತ್ತು.

ಅವರು ಥಟ್ಟನೆ ಕೈ ಬಿಟ್ಟರು.

ಮೂವತ್ತೊಂದು ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದು, ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾಗಿ ಸವಣೂರಿಗೆ ಬಂದು ಕುಳಿತ ಹೆಂಗಸು ಅವರು. ಬಾವಿಯಿಂದ ಎತ್ತಿದ ಹೆಣ, ಕೆರೆಯಿಂದ ಎಳೆದ ಹೆಣ ಎಷ್ಟೋ ನೋಡಿದ್ದರು. ಆದರೆ ಒಣಗಿದ ಅಂಗಿಯೊಂದನ್ನು ಮುಟ್ಟಿ ಮೈ ಜುಂ ಎಂದದ್ದು ಇದೇ ಮೊದಲು.

"ಇದನ್ನ ಒಗದಿಯೇನವಾ?"

"ಇಲ್ಲರಿ. ಪೊಲೀಸರು ಪ್ಲಾಸ್ಟಿಕ್ ಚೀಲದಾಗ ಹಾಕಿ ಹಸೀದ ಕೊಟ್ರು. ಒಗಿಯಾಕ ಮನಸ ಬರಲಿಲ್ಲ. ಒಗದ್ರ ಅವರ ಮೈ ವಾಸನಿ ಹೋಗ್ತೈತಿ ಅಂತ ಹಂಗ ಹರವಿದ್ನಿ." ಶಿವಬಸವ್ವ ಸೆರಗನ್ನು ಮೂಗಿಗೆ ಒತ್ತಿಕೊಂಡಳು. "ಆದ್ರ ಇದು ಅವರ ವಾಸನಿ ಅಲ್ಲರಿ."

ಅಂಗಿಯಿಂದ ಹುಳಿ ಬಂದ ಹಿಟ್ಟಿನ ವಾಸನೆ ಬರುತ್ತಿತ್ತು. ಮೂಗಿನೊಳಗೆ ಹೊಕ್ಕರೆ ಹೊರಗೆ ಬಾರದ ವಾಸನೆ.

ಶಿವಬಸವ್ವನ ಗಂಡ ಶಂಕ್ರಪ್ಪ ಹಾನಗಲ್ಲಿನ ಕಾಲೇಜೊಂದರ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವನು. ಗುರುವಾರ ಮಧ್ಯಾಹ್ನ ತಿಳವಳ್ಳಿಯ ಈ ಮನೆ ಬಿಟ್ಟವನು ಶುಕ್ರವಾರ ಬೆಳಿಗ್ಗೆ ಕೆಂಚಿಹಳ್ಳದ ಮಡುವಿನಲ್ಲಿ ಹೆಣವಾಗಿ ತೇಲಿದ್ದ. ಕಾಲು ಜಾರಿ ಬಿದ್ದು ಸತ್ತ ಎಂದು ಪಂಚನಾಮೆ ಮುಗಿದಿತ್ತು.

ಬದುಕಿದ್ದಿದ್ದರೆ ಅವನು ನಾಳೆ ಮಂಗಳವಾರ ಶಾಸಕರ ಮುಂದೆ ಎದ್ದು ನಿಲ್ಲಬೇಕಾಗಿತ್ತು.

ಕಾರ್ಖಾನೆಗಳು ಹಳ್ಳಕ್ಕೆ, ಹೊಳೆಗೆ ಬಿಡುವ ನೀರಿನಲ್ಲಿ ಇಂತಿಷ್ಟೇ ಹೊಲಸು ಇರಬಹುದು ಎಂಬ ಮಿತಿ ಇದೆ. ಆ ಮಿತಿಯನ್ನು ಮೂರು ಪಟ್ಟು ಸಡಿಲಿಸುವ ಹೊಸ ಕರಡು ತಯಾರಾಗಿತ್ತು. ಜನರ ಮಾತು ಕೇಳಲು ಶಾಸಕರ ಸಮಿತಿಯೊಂದು ಹಾನಗಲ್ಲಿಗೆ ಬರುವುದಿತ್ತು. ಹಾನಗಲ್ಲ, ಹಿರೇಕೆರೂರ, ಶಿಗ್ಗಾಂವಿ, ಸವಣೂರ ತಾಲೂಕುಗಳ ಜನ ಸೇರಿ ಹೋರಾಟ ಸಮಿತಿ ಕಟ್ಟಿಕೊಂಡು, ಹಂಸಭಾವಿಯಿಂದ ಹುಲಗೂರಿನವರೆಗೆ ಊರೂರು ತಿರುಗಿ ಸಹಿ ಕೂಡಿಸಿದ್ದರು. ಹನ್ನೊಂದು ತಿಂಗಳು ಬಿಡದೆ, ವಾರಕ್ಕೊಮ್ಮೆ ಕೆಂಚಿಹಳ್ಳಕ್ಕೆ ಇಳಿದು ಬಾಟಲಿಯಲ್ಲಿ ನೀರು ಹಿಡಿದವನು ಶಂಕ್ರಪ್ಪ. ಆ ನೀರನ್ನು ಪರೀಕ್ಷೆ ಮಾಡಿದವಳು ಅದೇ ಕಾಲೇಜಿನ ಕೆಮಿಸ್ಟ್ರಿ ಉಪನ್ಯಾಸಕಿ ಮದಿಹಾ.

ಮದಿಹಾ ಮುಮ್ತಾಜಬೇಗಂ ಅವರ ತಂಗಿಯ ಮಗಳು; ಅವರನ್ನು ಖಾಲಾ, ಅಂದರೆ ದೊಡ್ಡಮ್ಮ ಎಂದು ಕರೆಯುತ್ತಿದ್ದಳು. ಶನಿವಾರ ಅಳುತ್ತ ಫೋನ್ ಮಾಡಿ ಈ ಸಾವಿನ ಹಿಂದೆ ಬೀಳುವಂತೆ ಮಾಡಿದವಳೂ ಅವಳೇ.

ಮುಮ್ತಾಜಬೇಗಂ ಈಗ ಅವಳಿಗೇ ಫೋನ್ ಹಚ್ಚಿದರು.

"ಬೇಟಾ, ಒಣಗಿದ ಅರಿವಿ ಗಂಜಿ ಹಾಕಿದಂಗ ಬಿರುಸಾಗೇತಿ. ಗಂಜಿನೋ ಅಲ್ಲೋ ಅಂತ ಹೆಂಗ ತಿಳೀಬೇಕು?"

ಆ ಕಡೆಯಿಂದ ಮದಿಹಾ ಕೇಳಿದಳು, "ಯಾರ ಅರಿವಿ, ಖಾಲಾ?"

"ಶಂಕ್ರಪ್ಪಂದು."

"ಶಂಕ್ರಪ್ಪಣ್ಣಾರ ಚೀಲದಾಗ ಕಂದು ಬಣ್ಣದ ಸಣ್ಣ ಬಾಟಲಿ ಇರ್ತೈತಿ. ಅಯೋಡಿನ್. ಒಂದ ಹನಿ ಹಾಕ್ರಿ. ಗಂಜಿ ಇದ್ರ ನೀಲಿ ಆಗಿ ಕಪ್ಪಾಕ್ಕೈತಿ. ಇಲ್ಲಂದ್ರ ಹಂಗ ಕಂದಾಗಿ ಉಳೀತೈತಿ."

ಶಿವಬಸವ್ವ ಚೀಲ ತಂದಳು. ಮುಮ್ತಾಜಬೇಗಂ ಮೊದಲು ಶಂಕ್ರಪ್ಪನ ಬೇರೊಂದು ಅಂಗಿ ತರಿಸಿ ಅದರ ಮೇಲೆ ಒಂದು ಹನಿ ಬಿಟ್ಟರು. ಕಂದು ಕಲೆ ಕಂದಾಗಿಯೇ ಉಳಿಯಿತು. ಆಮೇಲೆ ಹಗ್ಗದ ಮೇಲಿನ ಅಂಗಿಯ ಎದೆಯ ಮೇಲೆ ಒಂದು ಹನಿ.

ಕಣ್ಣು ಮಿಟುಕಿಸುವುದರೊಳಗೆ ಅದು ಕಪ್ಪಾಯಿತು. ಹೆಪ್ಪುಗಟ್ಟಿದ ರಕ್ತದ ಹಾಗೆ.

"ಕಪ್ಪಾತು," ಎಂದರು ಅವರು ಫೋನಿನಲ್ಲಿ.

"ಯಾ ಅಲ್ಲಾ," ಎಂದಳು ಮದಿಹಾ ಮೆಲ್ಲಗೆ.

"ನೀ ಎಲ್ಲಿದ್ದಿ?"

"ರೂಮಿನ್ಯಾಗ. ನಾಳಿನ ವರದಿ ಬರಿಯಾಕತ್ತೇನಿ. ಅಣ್ಣಾರ ಬದಲಿ ನಾನ ಮಾತಾಡ್ತೇನಿ ಅಂತ ಹೇಳೇನಿ."

"ಬಾಗಿಲಾ ಹಾಕ್ಕೊಂಡು ಕುಂದ್ರು. ನಾ ಬರೂ ತನಕಾ ಯಾರ ಕರದ್ರೂ ತಗೀಬ್ಯಾಡ."

ಮುಮ್ತಾಜಬೇಗಂ ಫೋನ್ ಇಟ್ಟು ಶಿವಬಸವ್ವನ ಕಡೆ ತಿರುಗಿದರು. "ಹೆಣ ಸಿಕ್ಕ ಮಡು ಎಲ್ಲಿ ಬರ್ತೈತಿ? ಕಾರ್ಖಾನಿಗಿಂತ ಕೆಳಗೋ, ಮ್ಯಾಲೋ?"

"ಮ್ಯಾಲ್ರಿ. ಎರಡು ಮೈಲಿ ಆಕ್ಕೈತಿ. ಅಲ್ಲಿ ನೀರು ಕನ್ನಡಿ ಇದ್ದಂಗ ಅದಾವ. ಹೊಲಸೇನಿದ್ರೂ ಕಾರ್ಖಾನಿ ದಾಟಿದ ಮ್ಯಾಲ."

ಕಾರ್ಖಾನೆ ಎಂದರೆ ತ್ರಿಕೂಟ ಸ್ಟಾರ್ಚ್. ಗೋವಿನಜೋಳವನ್ನು ಅರೆದು ಹಿಟ್ಟು ತೆಗೆಯುವ ಕಾರ್ಖಾನೆ. ಅದರ ಹಿಂದಿನ ಹೊಂಡದಲ್ಲಿ ಬಿಸಿಯಾದ, ಬಿಳಿಯಾದ, ಗಂಜಿಯಂಥ ನೀರು ಸದಾ ನಿಂತಿರುತ್ತಿತ್ತು. ಮಿತಿ ಸಡಿಲವಾದರೆ ಆ ನೀರನ್ನು ಇದ್ದ ಹಾಗೆಯೇ ಹಳ್ಳಕ್ಕೆ ಬಿಡಬಹುದಿತ್ತು.

ಹಳ್ಳದ ನೀರು ಹಿಂದಕ್ಕೆ ಹರಿಯುವುದಿಲ್ಲ. ಕನ್ನಡಿಯಂಥ ನೀರಿನಲ್ಲಿ ಮುಳುಗಿದವನ ಅಂಗಿಗೆ ಗಂಜಿ ಹಿಡಿಯುವುದಿಲ್ಲ.

ಶಂಕ್ರಪ್ಪ ಸತ್ತದ್ದು ಹೊಂಡದಲ್ಲಿ. ಯಾರೋ ಅವನನ್ನು ಹೊತ್ತು ತಂದು ಮಡುವಿನಲ್ಲಿ ಹಾಕಿದ್ದರು.

ಶಿವಬಸವ್ವನಿಗೆ ಇದನ್ನು ಹೇಳಬೇಕೋ ಬೇಡವೋ ಎಂದು ಮುಮ್ತಾಜಬೇಗಂ ತಡವರಿಸಿದರು. ಆದರೆ ಆ ಹೆಂಗಸು ಕಪ್ಪು ಕಲೆಯನ್ನೇ ನೋಡುತ್ತಿದ್ದಳು. ಅವಳಿಗೆ ಅರ್ಥವಾಗಿತ್ತು.

"ಗುರುವಾರ ಅವ ಮನಿ ಬಿಟ್ಟಿದ್ದು ಹೆಂಗ? ನೆನಪ ಮಾಡ್ಕೊಂಡು ಹೇಳವಾ."

"ಉಣ್ಣಾಕ ಕುಂತಿದ್ರು. ಎರಡನೇ ರೊಟ್ಟಿ ನೀಡಿದ್ನಿ. ಫೋನ್ ಬಂತು. ಅಧ್ಯಕ್ಷರು ಕರ್ಯಾಕತ್ತಾರ, ಅರ್ಜೆಂಟ ಐತಿ ಅಂತ ಎದ್ರು."

"ಯಾವ ಅಧ್ಯಕ್ಷರು?"

"ನಮ್ಮ ಹೋರಾಟ ಸಮಿತಿ ಅಧ್ಯಕ್ಷರ್ರಿ. ಚನ್ನವೀರಪ್ಪನವರು."

ಮುಮ್ತಾಜಬೇಗಂ ಅವರಿಗೆ ಅವನ ಮಾತು ನೆನಪಾಯಿತು. ಮೊನ್ನೆ ಶನಿವಾರ ಇದೇ ಮನೆಯ ಕಟ್ಟೆಯ ಮೇಲೆ ಕುಳಿತು, ಕಣ್ಣು ಒರೆಸಿಕೊಳ್ಳುತ್ತ, ವಾರದಿಂದ ಶಂಕ್ರಪ್ಪನ ಜೊತೆ ಮಾತೇ ಆಗಿರಲಿಲ್ಲ ಎಂದಿದ್ದ ಚನ್ನವೀರಪ್ಪ.

ಅವರು ಅಂಗಿಯನ್ನು ಮಡಚಲು ನೋಡಿದರು. ಅದು ಮಡಚಿಕೊಳ್ಳಲಿಲ್ಲ. ಹಾಗೆಯೇ ಹಳೆ ಸೀರೆಯೊಂದರಲ್ಲಿ ಸುತ್ತಿ, ಕೈಚೀಲಕ್ಕೆ ತುರುಕಿ ಬಸ್ ಸ್ಟ್ಯಾಂಡಿಗೆ ನಡೆದರು.

ಹಾನಗಲ್ಲ ಬಸ್ಸಿನಲ್ಲಿ ಹೆಚ್ಚು ಮಂದಿ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಒಬ್ಬ ಕುಳಿತಿದ್ದ, ಮುಖಕ್ಕೆ ಟವೆಲ್ಲು ಸುತ್ತಿಕೊಂಡು. ಅವನು ಒಂದು ಸಲ ಫೋನ್ ಎತ್ತಿ ಇವರತ್ತ ಹಿಡಿದ. ಸ್ವಲ್ಪ ದೂರ ಹೋದ ಮೇಲೆ ಮತ್ತೊಂದು ಸಲ ಹಿಡಿದ. ಮುಮ್ತಾಜಬೇಗಂ ತಿರುಗಿ ದಿಟ್ಟಿಸಿದಾಗ ಅವನು ದೃಷ್ಟಿ ಸರಿಸಲಿಲ್ಲ.

ಖಾಕಿ ಮೈಮೇಲಿದ್ದಾಗ ಇಂಥವನನ್ನು ಕೊರಳಪಟ್ಟಿ ಹಿಡಿದು ಇಳಿಸುತ್ತಿದ್ದರು. ಈಗ ಚೀಲವನ್ನು ಎದೆಗೆ ಅವುಚಿಕೊಂಡು ಮುಂದೆ ನೋಡುತ್ತ ಕುಳಿತರು. ದಾರಿಯಲ್ಲಿ ಕಾರ್ಖಾನೆಯ ಗೇಟು ಬಂತು. ಕಿಟಕಿಯಿಂದ ಹುಳಿ ವಾಸನೆ ನುಗ್ಗಿತು. ಚೀಲದೊಳಗಿಂದಲೂ ಅದೇ ವಾಸನೆ ಬರುತ್ತಿತ್ತು.

ಗೇಟು ದಾಟಿದ ಕೂಡಲೇ ಟವೆಲ್ಲಿನವನು ಇಳಿದುಹೋದ.

ಚನ್ನವೀರಪ್ಪನದು ಹಾನಗಲ್ಲಿನಲ್ಲಿ ಗೋವಿನಜೋಳದ ದಲ್ಲಾಳಿ ಅಂಗಡಿ. ಒಂದೂಕಾಲರ ಬಿಸಿಲು. ಹಮಾಲರೆಲ್ಲ ಉಣ್ಣಲು ಹೋಗಿದ್ದರು. ಮಾಡಿನವರೆಗೆ ಒಟ್ಟಿದ ಚೀಲಗಳ ನಡುವೆ ಒಂದು ಮೇಜು. ಮೇಜಿನ ಹಿಂದೆ ಚನ್ನವೀರಪ್ಪ. ಎದುರಿಗೆ, ಇಸ್ತ್ರಿ ಅಂಗಿಯ ಯುವಕನೊಬ್ಬ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ.

ಅವನು ಚನ್ನೇಶ. ತ್ರಿಕೂಟ ಸ್ಟಾರ್ಚಿನ ಸಂಪರ್ಕಾಧಿಕಾರಿ. ಶಾಸಕರಿಗೂ ಕಾರ್ಖಾನೆಗೂ ನಡುವೆ ಓಡಾಡುವುದೇ ಅವನ ಕೆಲಸ ಎಂದು ಊರಿಗೆಲ್ಲ ಗೊತ್ತಿತ್ತು. ಕಾರ್ಖಾನೆಯ ವಿರುದ್ಧ ಕಟ್ಟಿದ ಸಮಿತಿಯ ಅಧ್ಯಕ್ಷನ ಅಂಗಡಿಯಲ್ಲಿ ಅವನಿಗೇನು ಕೆಲಸ?

ಚನ್ನೇಶ ನಗುತ್ತ ಎದ್ದು ಕುರ್ಚಿ ಸರಿಸಿದ. "ಬರ್ರಿ ಅಮ್ಮಾರ, ಕುಂತ್ಕೋರಿ. ತಿಳವಳ್ಳಿ ಬಸ್ಸಿನ್ಯಾಗ ಕಿಟಕಿ ಕಡೆ ಸೀಟ್ ಸಿಕ್ಕಿತ್ತಲ್ಲ? ಚಲೋ ಆತು. ಈ ವಯಸ್ಸಿನ್ಯಾಗ ನಿಂತು ಬರೂದು ತ್ರಾಸ."

ಮುಮ್ತಾಜಬೇಗಂ ಕುಳಿತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು.

ಚನ್ನೇಶನ ಕಣ್ಣು ಅವರ ಕೈಚೀಲದ ಮೇಲೆ ನಿಂತಿತು. "ಚೀಲ ಭಾಳ ಉಬ್ಬೇತಿ. ನಾ ಬೇಕಾದ್ರ ಮನೀಗೆ ಮುಟ್ಟಸ್ತೇನಿ."

"ನನ್ನ ಚೀಲ ಹೊರೂ ಶಕ್ತಿ ನಂಗಿನ್ನೂ ಐತಿ."

"ಇರಲ್ರಿ, ಇರಲಿ." ಅವನು ಚನ್ನವೀರಪ್ಪನ ಭುಜ ತಟ್ಟಿದ. "ಯಜಮಾನ್ರ, ನಾ ಬರ್ತೇನಿ. ಮುಂಜಾನೆ ಕೊಟ್ಟ ಕಾಗದಾ ಸಂಜಿ ಒಳಗ ಸಹಿ ಮಾಡಿ ಕಳಿಸ್ರಿ."

ಅವನ ಬೈಕಿನ ಸದ್ದು ದೂರವಾಯಿತು.

"ಶನಿವಾರ ಶಂಕ್ರಪ್ಪನ ಮನಿ ಕಟ್ಟಿ ಮ್ಯಾಲ ಕುಂತು ಏನಂದಿದ್ರಿ?" ಎಂದು ಕೇಳಿದರು ಮುಮ್ತಾಜಬೇಗಂ.

"ಏನಂದಿದ್ನಿ?"

"ವಾರದಿಂದ ಅವನ ಕೂಡ ಮಾತಾಡಿಲ್ಲ ಅಂದಿದ್ರಿ."

"ಹೌದ್ರಿ, ಖರೇನ ಅದು."

"ಗುರುವಾರ ಮಧ್ಯಾಹ್ನ ನೀವು ಫೋನ್ ಮಾಡಿದ್ರಿ. ಅವ ಉಣ್ಣೂದು ಬಿಟ್ಟು ಎದ್ದು ಹೋದ."

"ಯಾರು ಹೇಳಿದ್ರು?"

"ನೋಡ್ರಿ, ಯಾರು ಹೇಳಿದ್ರು ಅಂತ ಕೇಳಿದ್ರಿ. ಸುಳ್ಳು ಅನ್ನಲಿಲ್ಲ."

ಚನ್ನವೀರಪ್ಪ ಅರವತ್ತೈದರ ದಪ್ಪ ಮನುಷ್ಯ. ಹಣೆಯ ಮೇಲಿನ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು.

"ಅಮ್ಮಾರ, ನೀವು ಹೊರಗಿನವರು. ಇದರಾಗ ಬೀಳಬ್ಯಾಡ್ರಿ. ನಿಮ್ಮ ಒಳ್ಳೇದಕ್ಕ ಹೇಳ್ತೇನಿ."

ಮುಮ್ತಾಜಬೇಗಂ ಚೀಲದಿಂದ ಸೀರೆಯ ಗಂಟನ್ನು ತೆಗೆದು ಮೇಜಿನ ಮೇಲಿಟ್ಟು ಬಿಚ್ಚಿದರು. ಅಂಗಿಯ ತೋಳೆರಡೂ ಮೇಲೆದ್ದವು.

ಚನ್ನವೀರಪ್ಪ ಕುರ್ಚಿ ಸಮೇತ ಹಿಂದಕ್ಕೆ ಸರಿದ. ಬೆನ್ನು ಜೋಳದ ಚೀಲಕ್ಕೆ ಬಡಿಯಿತು.

"ಯಾರದಂತ ಗೊತ್ತಾತಲ್ಲ?"

"ತಗೀರಿ ಅದನ್ನ."

"ಇದರ ಮ್ಯಾಲಿಂದು ಹಳ್ಳದ ಮಣ್ಣಲ್ಲ. ಗಂಜಿ. ಪರೀಕ್ಷಾ ಮಾಡೇನಿ. ಶಂಕ್ರಪ್ಪ ಕಾರ್ಖಾನಿ ಹೊಂಡದಾಗ ಮುಳುಗ್ಯಾನ. ಕರದವರು ನೀವು."

"ತಗೀರಿ ಅಂದ್ನೆಲ್ಲ!"

"ನೀವು ಬಾಯಿ ಬಿಡೂ ತನಕಾ ತಗ್ಯಾಂಗಿಲ್ಲ."

ಹೊರಗೆ ರಸ್ತೆಯಲ್ಲಿ ಯಾರೋ ಕೆಮ್ಮಿದರು. ಚನ್ನವೀರಪ್ಪ ಬೆಚ್ಚಿ ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಅವನು ಎದ್ದು ಹೋಗಿ ಬಾಗಿಲನ್ನು ಅರ್ಧ ಮುಂದಕ್ಕೆ ಮಾಡಿ ಬಂದ. ಮತ್ತೆ ಕುಳಿತಾಗ ಮುಖದ ಮೇಲೆ ಅಧ್ಯಕ್ಷಗಿರಿಯ ಗತ್ತು ಉಳಿದಿರಲಿಲ್ಲ.

"ನನ್ನ ಮಾಲೆಲ್ಲಾ ಅವರ ಕಾರ್ಖಾನಿಗೇ ಹೋಗೂದರಿ," ಎಂದ ಕುಸಿದ ದನಿಯಲ್ಲಿ. "ಅದಕ್ಕ ನನ್ನ ಹಿಡದ್ರು. ಶಾಸಕರ ಕಡಿಯವರು ಒಬ್ರು ಬಂದಾರ, ಎದುರಾಬದುರ ಕುಂತು ಮಾತಾಡೂಣು, ಶಂಕ್ರಪ್ಪನ್ನ ಕರಕೊಂಡು ಬರ್ರಿ ಅಂದ್ರು. ನಾ ನಂಬಿದ್ನಿ. ಏನರ ಒಂದು ತೀರ್ಮಾನ ಆದ್ರ ಎಲ್ಲಾರಿಗೂ ಚಲೋ ಅಂದ್ಕೊಂಡ್ನಿ."

"ಆಮ್ಯಾಲ?"

"ನನ್ನನ್ನ ಕಾರ್ಖಾನಿ ಆಫೀಸಿನ್ಯಾಗ ಕುಂದ್ರಿಸಿ ಚಾ ಕೊಟ್ರು. ಹೊಸಾ ಹೊಂಡಾ ತೋರಸ್ತೇವಿ, ನಿಮ್ಮ ಕೈಲೆ ನೀರು ತುಂಬ್ಕೋರಿ ಅಂತ ಅವನ್ನ ಹಿಂದಕ್ಕ ಕರಕೊಂಡು ಹೋದ್ರು. ಬಾಟಲಿ ಅಂದ್ರ ಸಾಕು, ಅಂವ ಹೊಂಟಬಿಡಾಂವ. ಎಲ್ಲಾರಿಗೂ ಗೊತ್ತೈತಿ."

"ನೀವು ಹೋಗಲಿಲ್ಲ."

"ಇಲ್ಲ." ಅವನ ಕೈ ಮೇಜಿನ ಅಂಚನ್ನು ಹಿಡಿದಿತ್ತು. "ಒಂದು ಸಲ ಕೂಗಿದ. ಚನ್ನವೀರಪ್ಪನವರ ಅಂತ, ನನ್ನ ಹೆಸರ ಹಿಡದ ಕೂಗಿದ. ಖರೇನ ಕೇಳಿಸ್ತರಿ. ಮಷಿನ್ ಸಪ್ಪಳ ಇತ್ತು, ಆದ್ರೂ ಕೇಳಿಸ್ತು."

"ನೀವು ಏನು ಮಾಡಿದ್ರಿ?"

ಅವನು ಮೇಜಿನ ಅಂಚನ್ನು ಬಿಟ್ಟು ಎರಡೂ ಕೈ ಮಡಿಲಿಗೆ ಎಳೆದುಕೊಂಡ.

"ಚಾ ಕುಡಿದ್ನಿ," ಎಂದ. "ಕಪ್ ಕೆಳಗ ಇಟ್ರ ಎದ್ದು ಹೋಗಬೇಕಾಕ್ಕಿತ್ತು. ಅದಕ್ಕ ಕಪ್ ಇಡಲಿಲ್ಲ. ಪೂರಾ ಕುಡಿದ್ನಿ."

ಮುಮ್ತಾಜಬೇಗಂ ಅವರಿಗೆ ಅವನ ಮೇಲೆ ಕೈ ಎತ್ತಬೇಕೆನಿಸಿತು. ಎತ್ತಲಿಲ್ಲ. ಠಾಣೆಯಲ್ಲಿ ಕಲಿತ ಒಂದು ಬುದ್ಧಿ ಇನ್ನೂ ಉಳಿದಿತ್ತು. ಬಾಯಿ ಬಿಟ್ಟ ಮನುಷ್ಯ ಮತ್ತೆ ಮುಚ್ಚಿಕೊಳ್ಳುವ ಮೊದಲು ಎಲ್ಲವನ್ನೂ ಕೇಳಿಬಿಡಬೇಕು.

"ಚನ್ನೇಶ ಯಾವುದೋ ಕಾಗದದ ಮಾತು ಹೇಳಿದ. ಕೊಡ್ರಿ."

"ಬ್ಯಾಡ್ರಿ."

"ಕೊಡ್ರಿ!"

ಚನ್ನವೀರಪ್ಪ ಮೇಜಿನ ಖಾನೆಯಿಂದ ಎರಡು ಹಾಳೆ ತೆಗೆದು ಮುಂದೆ ತಳ್ಳಿದ. ಮುಮ್ತಾಜಬೇಗಂ ಕನ್ನಡಕ ಹಾಕಿಕೊಂಡರು.

'ಶಾಸಕರ ಸಮಿತಿಯ ಸಾರ್ವಜನಿಕ ಸಭೆಯ ನಡಾವಳಿ' ಎಂದಿತ್ತು ತಲೆಬರಹ. ಕೆಳಗೆ ದಿನಾಂಕ. ಅವರು ಎರಡು ಸಲ ಓದಿದರು. ದಿನಾಂಕ ನಾಳೆಯದು.

ಇನ್ನೂ ನಡೆಯದ ಸಭೆಯಲ್ಲಿ ಯಾರು ಯಾರು ಏನೇನು ಮಾತಾಡಿದರು ಎಂದು ಸಾಲುಸಾಲಾಗಿ ಟೈಪ್ ಆಗಿತ್ತು. ರೈತರು ಕರಡನ್ನು ಸ್ವಾಗತಿಸಿದರು. ಹೋರಾಟ ಸಮಿತಿಯ ಅಧ್ಯಕ್ಷರು ತಮ್ಮ ಆಕ್ಷೇಪಣೆಗಳನ್ನು ಹಿಂಪಡೆದರು. ನೀರಿನ ಪರೀಕ್ಷೆಯ ಯಾವುದೇ ವರದಿ ಸಭೆಗೆ ಸಲ್ಲಿಕೆಯಾಗಲಿಲ್ಲ. ಹೊಸ ಮಿತಿಯನ್ನು ಸಭೆ ಒಮ್ಮತದಿಂದ ಒಪ್ಪಿತು.

ಹಾಳೆಯ ಬುಡದಲ್ಲಿ, ಅಳಿಸಲು ಮರೆತ ಸಣ್ಣ ಅಕ್ಷರಗಳಲ್ಲಿ, ಅದು ಯಾವ ಕಂಪ್ಯೂಟರಿನಿಂದ ಹೊರಟದ್ದು ಎಂಬುದೂ ಅಚ್ಚಾಗಿತ್ತು: ತ್ರಿಕೂಟ ಸ್ಟಾರ್ಚ್, ಸಂಪರ್ಕ ವಿಭಾಗ.

"ಇದನ್ನ ಕಾರ್ಖಾನ್ಯಾಗ ಬರದಾರ?"

"ಇದೊಂದ ಅಲ್ಲರಿ. ಕರಡು ಬರದದ್ದೂ ಅಲ್ಲೇ. ಶಾಸಕರು ಓದಿ ಸುದ್ದಾ ನೋಡಿಲ್ಲ ಅಂತ ಚನ್ನೇಶ ನಕ್ಕೋತ ಹೇಳ್ತಾನ."

ಮುಮ್ತಾಜಬೇಗಂ ಎರಡನೆಯ ಹಾಳೆ ತಿರುವಿದರು. ಕೊನೆಯ ಸಾಲಿಗೆ ಬಂದಾಗ ಅವರ ಬೆರಳು ಅಲ್ಲೇ ನಿಂತಿತು.

'ಇತ್ತೀಚೆಗೆ ಆಕಸ್ಮಿಕವಾಗಿ ನೀರಿನಲ್ಲಿ ಮುಳುಗಿ ಮೃತರಾದ ಹೋರಾಟ ಸಮಿತಿಯ ಇಬ್ಬರು ಸದಸ್ಯರಿಗೆ ಸಭೆಯು ಎರಡು ನಿಮಿಷ ಮೌನ ಆಚರಿಸಿ ಶ್ರದ್ಧಾಂಜಲಿ ಸಲ್ಲಿಸಿತು.'

ಅವರು ಹಾಳೆಯನ್ನು ಅವನತ್ತ ತಿರುಗಿಸಿದರು.

"ಸತ್ತಾಂವ ಒಬ್ಬ," ಎಂದರು ಅವರು. "ಇಲ್ಲಿ ಇಬ್ಬರು ಅಂತ ಯಾಕೈತಿ?"

"ನಾನೂ ಟೈಪಿನ ತಪ್ಪು ಅಂತ ತಿಳಕೊಂಡಿದ್ನಿ…"

"ಚನ್ನವೀರಪ್ಪನವರ. ನನ್ನ ಮಾರಿ ನೋಡಿ ಹೇಳ್ರಿ."

ಅವನು ನೋಡಲಿಲ್ಲ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ಮಾತು ಬಂತು.

"ಇವತ್ತೂ ಒಂದು ಫೋನ್ ಮಾಡಿಸಿದ್ರು. ಹನ್ನೆರಡಕ್ಕ. ಚನ್ನೇಶ ಇಲ್ಲೇ ಎದುರಿಗೆ ಕುಂತಿದ್ದ. ಶಾಸಕರೊಬ್ಬರು ಇವತ್ತ ಹೊಂಡಾ ನೋಡಾಕ ಬರ್ತಾರ, ಅವರ ಎದುರಿಗೆ ನೀರು ತುಂಬಿದ್ರ ನಾಳೆ ಯಾರೂ ಇಲ್ಲನ್ನಾಕ ಆಗಂಗಿಲ್ಲ, ಗಾಡಿ ಕಳಸ್ತೇವಿ ಬರ್ರಿ ಅಂತ… ಆ ಹುಡುಗಿಗೆ…"

ಉಳಿದದ್ದನ್ನು ಕೇಳಲು ಮುಮ್ತಾಜಬೇಗಂ ನಿಲ್ಲಲಿಲ್ಲ. ಫೋನ್ ತೆಗೆದು ಎರಡು ಸಲ ತಪ್ಪು ಹೆಸರು ಒತ್ತಿದರು. ಮೂರನೆಯ ಸಲ ಮದಿಹಾಳ ನಂಬರು ರಿಂಗಾಯಿತು. ಒಮ್ಮೆ. ಎರಡು ಸಲ. ಐದು ಸಲ.

"ಖಾಲಾ!" ಮದಿಹಾಳ ದನಿ ಹುರುಪಿನಿಂದ ತುಂಬಿತ್ತು. ಹಿಂದೆ ಮಷಿನ್ನುಗಳ ಸದ್ದು. "ಸಿಟ್ಟಾಗಬ್ಯಾಡ್ರಿ, ಅಧ್ಯಕ್ಷರ ಕರದ್ರು, ಶಾಸಕರೂ ಇರ್ತಾರ ಅಂದ್ರು, ಅದಕ್ಕ ಧೈರ್ಯಾ ಮಾಡಿ ಬಂದೇನಿ. ಒಳಗ ಬಿಟ್ಟಾರ ಖಾಲಾ! ಹನ್ನೊಂದ ತಿಂಗಳಾದ ಮ್ಯಾಲ ಹೊಂಡದ ದಂಡೀ ಮ್ಯಾಲ ನಿಂತೇನಿ. ಶಾಸಕರು ಇನ್ನೂ ಬಂದಿಲ್ಲ."

ಮುಮ್ತಾಜಬೇಗಂ ಅವರಿಗೆ ಕಿರುಚಬೇಕೆನಿಸಿತು. ಕಿರುಚಿದರೆ ಅವಳ ಮುಖ ಬದಲಾಗುತ್ತದೆ, ಸುತ್ತ ಇದ್ದವರು ಅದನ್ನು ನೋಡುತ್ತಾರೆ. ಅವರು ಮನೆಯಲ್ಲಿ ಆಡುವ ಉರ್ದುವಿಗೆ ಹೊರಳಿದರು.

"ನಗು ನಗುತ್ತಾ ಕೇಳು, ಬೇಟಾ. ಹೂಂ, ಊಹೂಂ ಅಷ್ಟೇ ಅನ್ನು. ನಿನ್ನ ಹತ್ತಿರ ಯಾರಾದರೂ ನಿಂತಿದ್ದಾರಾ?"

"ಹೂಂ."

"ಇಬ್ಬರಿಗಿಂತ ಹೆಚ್ಚಾ?"

"ಹೂಂ." ಹುರುಪು ಇಳಿಯತೊಡಗಿತ್ತು.

"ನೀನು ನಿಂತಲ್ಲಿಂದ ಗೇಟು ಕಾಣುತ್ತಾ?"

"ಹೂಂ."

"ತೆರೆದಿದೆಯಾ?"

ಮಷಿನ್ನಿನ ಸದ್ದಷ್ಟೇ ಕೇಳಿಸಿತು. ಮದಿಹಾ ತಲೆ ತಿರುಗಿಸಿ ನೋಡುತ್ತಿದ್ದಿರಬೇಕು.

"ಊಹೂಂ," ಎಂದಳು ಅವಳು. ದನಿ ಚಿಕ್ಕ ಮಗುವಿನದಾಗಿತ್ತು. "ಖಾಲಾ, ಈಗ ಮುಚ್ಚಾಕತ್ತಾರ."

ಆಗ ಅವಳ ಪಕ್ಕದಲ್ಲೇ ಒಂದು ಗಂಡಸಿನ ದನಿ, ಬಹಳ ಮರ್ಯಾದೆಯಿಂದ, ಸ್ಪಷ್ಟವಾಗಿ ಕೇಳಿಸಿತು.

"ಮೇಡಂ, ಆ ಫೋನ್ ಇಲ್ಲಿ ಕೊಡ್ರಿ. ಕೈ ಜಾರಿ ನೀರಾಗ ಬಿದ್ದೀತು."